ಸಮಾಧಿಯಂಗಳದ ಹುಲ್ಲು

ಇಂಗ್ಲೆಂಡಿನ ಹಳ್ಳಿಗಳಲ್ಲಿ ಕಲ್ಲಿನ ಗಂಟೆಗೋಪುರವನ್ನು ಹೊತ್ತು ನಿಂತಿರುವ ಪುರಾತನ ದೇವಾಲಯಗಳ ಸುತ್ತ, ಮೋಟುಗೋಡೆಯೊಳಗೆ, ಸಮಾಧಿಗಳಿಗೆಂದು ಮೀಸಲಾದ ಒಂದಿಷ್ಟು ನೆಲವಿರುತ್ತದೆ. ಎಷ್ಟೋ ಶತಮಾನಗಳಿಂದ ನೇಗಿಲಾಗಲಿ ರಾಸಾಯನಿಕ ಗೊಬ್ಬರವಾಗಲಿ ಸೋಂಕದೆ ಉಳಿದುಬಂದ ಆ ನೆಲ, ಹೊರಗಿನ ಹೊಲಗಳಿಂದ ಎಂದೋ ಕಣ್ಮರೆಯಾದ ಹೂಗಿಡಗಳಿಗೆ ಆಶ್ರಯವಾಗಿದೆ. 1930ರ ದಶಕದಿಂದೀಚೆಗೆ ಆ ದೇಶದ ಹೂಬಿಡುವ ಹುಲ್ಲುಗಾವಲುಗಳಲ್ಲಿ ನೂರಕ್ಕೆ 97 ಪಾಲು ನಾಶವಾಯಿತೆಂಬ ಲೆಕ್ಕವನ್ನು ನೆನೆದರೆ, ಈ ಪುಟ್ಟ ಅಂಗಳಗಳ ಬೆಲೆ ಎಷ್ಟೆಂಬುದು ತಾನಾಗಿಯೇ ವಿದಿತವಾಗುತ್ತದೆ.

ಇಂಥ ಸಂಪತ್ತಿಗೆ ಒಡೆಯರಾದ ಕ್ರೈಸ್ತ ಸಭೆಗಳು ಮಾತ್ರ ಬಹುಮಟ್ಟಿಗೆ ಬಡವು. ಭಾನುವಾರದ ಆರಾಧನೆಗೆ ಬರುವವರು ಇಪ್ಪತ್ತೋ ಮೂವತ್ತೋ ಮಂದಿ, ಅವರಲ್ಲಿ ಹೆಚ್ಚಿನವರು ವೃದ್ಧರು. ಸಭಾಪಾಲಕರೊಬ್ಬರೇ ಐದಾರು ಹಳ್ಳಿಗಳನ್ನು ನೋಡಿಕೊಳ್ಳಬೇಕು. ಕಾಣಿಕೆಯ ತಟ್ಟೆಗೆ ಬಿದ್ದ ಹಣ ಸೋರುವ ಸೂರಿಗೇ ಸಾಲದು. ಹೀಗಿರುವಾಗ, 2030ರೊಳಗೆ ತನ್ನ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ ಇಳಿಸಬೇಕೆಂದು ಇಂಗ್ಲೆಂಡ್ ಚರ್ಚಿನ ಮಹಾಸಭೆಯು 2020ರ ಫೆಬ್ರವರಿಯಲ್ಲಿ ಗೊತ್ತುವಳಿ ಮಾಡಿದಾಗ, ಸೌರಫಲಕಗಳ ಬೆಲೆಯನ್ನು ನೆನೆದು ಹಳ್ಳಿಯ ಸಭೆಯ ಖಜಾಂಚಿಗೆ ಎದೆ ಕುಗ್ಗುವುದು ಸಹಜವೇ ಸರಿ.

ಆ ಅಳುಕನ್ನು ಕಳೆದು ಕೈಗೆಟಕುವ ಕೆಲಸವನ್ನು ಮೊದಲು ತೋರಿಸಿಕೊಡುವುದು ‘ಇಕೊ ಚರ್ಚ್’ ಎಂಬ ಯೋಜನೆಯ ವೈಶಿಷ್ಟ್ಯ. ಲಂಡನ್ನಿನ ಸೇಂಟ್ ಪಾಲ್ಸ್ ಮಹಾದೇವಾಲಯದಲ್ಲಿ 2016ರ ಜನವರಿಯಲ್ಲಿ ಇದನ್ನು ಆರಂಭಿಸಿದ್ದು ‘ಅ ರೋಷಾ’ ಎಂಬ ಕ್ರೈಸ್ತ ನಿಸರ್ಗಸಂರಕ್ಷಣಾ ಸಂಸ್ಥೆ. ಪೋರ್ಚುಗೀಸಿನಲ್ಲಿ ‘ಬಂಡೆ’ ಎಂಬರ್ಥದ ಈ ಹೆಸರು, 1983ರಲ್ಲಿ ಪೀಟರ್ ಮತ್ತು ಮಿರಾಂಡಾ ಹ್ಯಾರಿಸ್ ದಂಪತಿಗಳು ಪೋರ್ಚುಗಲ್ಲಿನ ಕಡಲತೀರದಲ್ಲಿ ಕಟ್ಟಿದ ಅಧ್ಯಯನಕೇಂದ್ರದಿಂದ ಬಂದುದು. ಬನ್ನೇರುಘಟ್ಟದ ಸುತ್ತ ಆನೆಗಳಿಗೂ ರೈತರಿಗೂ ನಡುವಣ ಸಂಘರ್ಷವನ್ನು ಕುರಿತು ಕೆಲಸ ಮಾಡಿರುವ ಸಂಸ್ಥೆಯೂ ಇದೇ ಮನೆತನದ್ದು. ಇಕೊ ಚರ್ಚ್ ಯೋಜನೆಗೆ ಸೇರಲು ಶುಲ್ಕವಿಲ್ಲ. ಆರಾಧನೆ ಮತ್ತು ಬೋಧನೆ, ಕಟ್ಟಡ, ನೆಲ, ಸಮಾಜದೊಡನೆ ಸಂಬಂಧ, ಜೀವನರೀತಿ ಎಂಬ ಐದು ವಿಷಯಗಳನ್ನು ಕುರಿತ ಪ್ರಶ್ನಾವಳಿಗೆ ಸಭೆ ತನ್ನ ಉತ್ತರಗಳನ್ನು ಬರೆಯುತ್ತದೆ; ನಡೆದ ದೂರಕ್ಕೆ ತಕ್ಕಂತೆ ಕಂಚು, ಬೆಳ್ಳಿ, ಚಿನ್ನದ ಪ್ರಶಸ್ತಿ ದೊರೆಯುತ್ತದೆ.

ಕಟ್ಟಡದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಎಲೆಯುದುರುವ ಕಾಲ ಮುಗಿದೊಡನೆ ಸೂರಿನ ದೋಣಿಗಳಲ್ಲಿ ಕಟ್ಟಿಕೊಂಡ ಕಸವನ್ನು ತೆಗೆಯುವುದು ಶಾಖ ಉಳಿಸುವ ಅತ್ಯಂತ ಅಗ್ಗದ ಉಪಾಯ, ಏಕೆಂದರೆ ದೋಣಿ ತುಂಬಿ ಹರಿದ ಮಳೆನೀರಿನಿಂದ ತೇವ ಹಿಡಿದ ಗೋಡೆಯ ಮೂಲಕ ಶಾಖ ಬೇಗ ಸೋರಿಹೋಗುತ್ತದೆ. ವಾರಕ್ಕೊಂದು ಗಂಟೆಯ ಆರಾಧನೆಗಾಗಿ ಎತ್ತರದ ಛಾವಣಿಯವರೆಗಿನ ಗಾಳಿಯನ್ನೆಲ್ಲ ಕಾಯಿಸುವ ಬದಲು, ಕುಳಿತವರಿಗಷ್ಟೇ ಬೆಚ್ಚಗಾಗುವಂತೆ ಬೆಂಚುಗಳಲ್ಲಿ ಏರ್ಪಾಟು ಮಾಡುವುದು ಇನ್ನೊಂದು.

ಆದರೆ ಹಣವಿಲ್ಲದ ಸಭೆಗೆ ನಿಜವಾದ ಕಾರ್ಯಕ್ಷೇತ್ರ ಆ ಹುಲ್ಲಿನ ಅಂಗಳವೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿ ಮೊದಲು ಮಾಡಬೇಕಾದುದೆಂದರೆ ಮಾಡುತ್ತಿದ್ದ ಒಂದು ಕೆಲಸವನ್ನು ನಿಲ್ಲಿಸುವುದು. ವಸಂತದಿಂದ ಶರತ್ತಿನವರೆಗೆ ಎರಡು ವಾರಕ್ಕೊಮ್ಮೆ ಯಂತ್ರದಿಂದ ಬೋಳಿಸುತ್ತಿದ್ದ ಹುಲ್ಲನ್ನು, ಒಂದು ಮೂಲೆಯಲ್ಲಾದರೂ, ಹೂಬಿಟ್ಟು ಬೀಜ ಉದುರುವ ತನಕ ಮುಟ್ಟದೆ ಬಿಟ್ಟು, ಜುಲೈ ಕಡೆಯಲ್ಲೋ ಆಗಸ್ಟಿನಲ್ಲೋ ಒಮ್ಮೆ ಮಾತ್ರ ಕೊಯ್ಯಬೇಕು. ಕೊಯ್ದುದನ್ನು ಕೆಲವು ದಿನ ಅಲ್ಲಿಯೇ ಒಣಗಿಸಿ, ಬೀಜ ಕೆಳಗೆ ಬಿದ್ದ ಮೇಲೆ ತಪ್ಪದೆ ಬಾಚಿ ಹೊರಗೆ ಸಾಗಿಸಬೇಕು. ಬಿಟ್ಟರೆ ಅದು ಕೊಳೆತು ನೆಲ ಕೊಬ್ಬುತ್ತದೆ. ಕೊಬ್ಬಿದ ನೆಲದಲ್ಲಿ ತುರುಚಿಯೂ ಒರಟು ಹುಲ್ಲೂ ಮೇಲೆದ್ದು ನಾಜೂಕಾದ ಹೂಗಳನ್ನು ತುಳಿದುಬಿಡುತ್ತವೆ. ಈ ಹೂಗಳಿಗೆ ಬಡ ನೆಲವೇ ಪ್ರಿಯ. ಅವುಗಳಿಗೆ ನೆರವಾಗುವ ‘ಯೆಲ್ಲೊ ರ‍್ಯಾಟಲ್’ ಎಂಬ ಹಳದಿ ಹೂವಿನ ಪುಟ್ಟ ಸಸ್ಯವೊಂದಿದೆ. ತನ್ನ ಬೇರನ್ನು ಪಕ್ಕದ ಹುಲ್ಲಿನ ಬೇರಿಗೆ ತಗುಲಿಸಿ ಸಾರವನ್ನು ಹೀರಿ ಅದರ ಸೊಕ್ಕನ್ನಡಗಿಸುವ ಈ ಗಿಡದ ಒಣಕಾಯಿಯನ್ನು ಅಲುಗಿಸಿದರೆ ಒಳಗಿನ ಬೀಜಗಳು ಮಗುವಿನ ಗಿಲಕಿಯಂತೆ ಸದ್ದುಮಾಡುತ್ತವೆ.

ಕಷ್ಟವಿರುವುದು ಮನುಷ್ಯರ ಮನಸ್ಸಿನಲ್ಲಿ. ಗಂಡನ ಸಮಾಧಿಗೆ ಹೂವಿಡಲು ಬಂದ ಹೆಂಗಸಿಗೆ ಮೊಣಕಾಲೆತ್ತರದ ಹುಲ್ಲು ಸಭೆಯ ಅಲಕ್ಷ್ಯದ ಗುರುತಾಗಿ ಕಂಡರೆ, ಆ ನೋವನ್ನು ಅಜ್ಞಾನವೆಂದು ತಳ್ಳಿಹಾಕುವುದು ಧರ್ಮವಲ್ಲ. ಆದಕಾರಣ ವಿವೇಕಿಗಳಾದವರು ಹೊಸ ಸಮಾಧಿಗಳ ಸುತ್ತಲೂ ಬಾಗಿಲಿಗೆ ಹೋಗುವ ದಾರಿಯಲ್ಲೂ ಹುಲ್ಲನ್ನು ಒಪ್ಪವಾಗಿ ಕತ್ತರಿಸಿ, ನೋಡಲು ಬರುವವರಿಲ್ಲದ ಹಳೆಯ ಸಮಾಧಿಗಳ ಕಡೆ ಮಾತ್ರ ಬೆಳೆಯಗೊಡುತ್ತಾರೆ. ಎತ್ತರದ ಹುಲ್ಲಿನ ಅಂಚನ್ನು ನೇರವಾಗಿ ಕತ್ತರಿಸಿ, ಇದು ಬೇಕೆಂದೇ ಬಿಟ್ಟದ್ದೆಂದು ತಿಳಿಸುವ ಫಲಕವೊಂದನ್ನು ದ್ವಾರದಲ್ಲಿ ನಿಲ್ಲಿಸುತ್ತಾರೆ. ಆ ನೇರವಾದ ಅಂಚು ಎಷ್ಟು ಜಗಳಗಳನ್ನು ತಪ್ಪಿಸುತ್ತದೆಂಬುದನ್ನು ಬಲ್ಲವರೇ ಬಲ್ಲರು.

ಸಮಾಧಿಕಲ್ಲುಗಳ ವಿಷಯದಲ್ಲಿಯೂ ಇಂಥದೇ ಸಂಯಮ ಬೇಕು. ನಮ್ಮ ಸಾಂಬಾರ ಡಬ್ಬಿಯಲ್ಲಿರುವ ಕಲ್ಲುಹೂವಿನ ಬಂಧುಗಳು ಆ ಕಲ್ಲುಗಳ ಮೇಲೆ ಬೂದು, ಕಿತ್ತಳೆ, ಹಸುರು ಬಣ್ಣಗಳ ವರ್ತುಲಗಳಾಗಿ ಹರಡಿರುತ್ತವೆ. ಅವುಗಳಲ್ಲಿ ಕೆಲವು, ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ಬ್ರಿಟನ್ನಿನ ಸುಮಾರು 2,000 ಜಾತಿಗಳಲ್ಲಿ 700ಕ್ಕೂ ಹೆಚ್ಚು ಸಮಾಧಿಯಂಗಳಗಳಲ್ಲಿ ಕಂಡುಬಂದಿವೆ. ಹಿರಿಯರ ಹೆಸರು ಓದಲು ಬರಲೆಂದು ಸದುದ್ದೇಶದಿಂದ ತಂತಿಯ ಬ್ರಷ್ ಹಿಡಿದು ತಿಕ್ಕಿದವನು ಅರ್ಧ ಗಂಟೆಯಲ್ಲಿ ಇನ್ನೂರು ವರ್ಷಗಳ ಬೆಳವಣಿಗೆಯನ್ನು ಕೆರೆದುಹಾಕಿರುತ್ತಾನೆ.

ತಮ್ಮಲ್ಲಿ ಏನಿದೆಯೆಂಬುದನ್ನು ಅರಿಯುವುದಕ್ಕಾಗಿ 2021ರಿಂದ ಪ್ರತಿ ಜೂನ್ ತಿಂಗಳಲ್ಲಿ ಒಂದು ವಾರ ದೇವಾಲಯಗಳ ಅಂಗಳದ ಜೀವಗಣತಿ ನಡೆದುಬಂದಿದೆ. ಮಕ್ಕಳೂ ಮುದುಕರೂ ಕಾಗದ ಪೆನ್ಸಿಲು ಹಿಡಿದು ಚಿಟ್ಟೆ, ಜೇಡ, ಪಾಚಿಗಳ ಪಟ್ಟಿಮಾಡುತ್ತಾರೆ. ಎಂದೂ ಆರಾಧನೆಗೆ ಬಾರದ ನೆರೆಯವರು ಈ ನೆಪದಲ್ಲಿ ಗೇಟು ತೆರೆದು ಒಳಗೆ ಬರುವುದುಂಟು.

ಈ ಕೆಲಸದಲ್ಲಿ ಗೋಪುರಕ್ಕೂ ಒಂದು ಪಾಲುಂಟು. ಆಫ್ರಿಕದಲ್ಲಿ ಚಳಿಗಾಲ ಕಳೆದು ಮೇ ತಿಂಗಳ ಹೊತ್ತಿಗೆ ಬರುವ ಸ್ವಿಫ್ಟ್ ಹಕ್ಕಿಗಳು ಹಳೆಯ ಕಟ್ಟಡಗಳ ಬಿರುಕುಗಳು ಮುಚ್ಚಿಹೋದಂತೆಲ್ಲ ನೆಲೆತಪ್ಪಿ, 2021ರಲ್ಲಿ ಬ್ರಿಟನ್ನಿನ ಅಪಾಯದ ಕೆಂಪುಪಟ್ಟಿಗೆ ಸೇರಿದವು. ಗಂಟೆಯ ಕೋಣೆಯ ಕಿಂಡಿಹಲಗೆಗಳ ಹಿಂದೆ, ಬೇಕಾದ ಅನುಮತಿ ಪಡೆದು, ಬಡಗಿಕೆಲಸ ಬಲ್ಲ ಸಭಿಕರು ಪ್ಲೈವುಡ್ಡಿನ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುತ್ತಾರೆ. ಹಕ್ಕಿಗಳು ಮೊದಲ ವರ್ಷವೇ ಬರುವುದು ಅಪರೂಪ. ಆದಕಾರಣ ಕೆಲವೆಡೆ ಧ್ವನಿಮುದ್ರಿಸಿದ ಅವುಗಳ ಕೂಗನ್ನೇ ಗೋಪುರದಿಂದ ಕೇಳಿಸುತ್ತಾರೆ. ಕೆಳಗೆ, ಕತ್ತರಿಸದ ಹುಲ್ಲಿನ ಪಕ್ಕದಲ್ಲಿ, ಪೆಟ್ಟಿಗೆಯನ್ನು ಮಾಡಿದವನು ಕತ್ತು ಮೇಲೆತ್ತಿ ಕಾಯುತ್ತಿರುತ್ತಾನೆ.