ಬಿಡುವಿಗೂ ಒಂದು ಓದು ಇದೆ



ಎಂ.ಎ. ಎಂದರೆ ನಮಗೆ ನೆನಪಾಗುವುದು ಕನ್ನಡ, ಇತಿಹಾಸ, ಅರ್ಥಶಾಸ್ತ್ರ. ಬಿಡುವು, ಆಟ, ವಿಹಾರ ಇವುಗಳ ಮೇಲೂ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಓದು ಇದೆ ಅಂದರೆ, "ಆಟ ಆಡೋಕೂ ಎಂ.ಎ. ಬೇಕೇನಕ್ಕ?" ಎಂದು ನೀವು ನಗಬಹುದು. ಈ ಓದಿನಲ್ಲಿ ಏನಿದೆ, ಅದರಿಂದ ನಮಗೇನು ಪ್ರಯೋಜನ ಎಂದು ಸ್ವಲ್ಪ ನೋಡೋಣ.

ಏನಿದು ಈ ಓದು?

ಕೆನಡಾ ದೇಶದ ವಾಟರ್‌ಲೂ ವಿಶ್ವವಿದ್ಯಾನಿಲಯದಲ್ಲಿ ಇದಕ್ಕೆಂದೇ ಒಂದು ವಿಭಾಗವಿದೆ. ಅಲ್ಲಿ ಎಂ.ಎ. ಮಾತ್ರವಲ್ಲ, ಪಿಎಚ್.ಡಿ. ಕೂಡ ಮಾಡಬಹುದು. ಕೆಲಸ ಮುಗಿದ ಮೇಲೆ ಜನ ಸಮಯ ಹೇಗೆ ಕಳೆಯುತ್ತಾರೆ? ವಯಸ್ಸಾದವರಿಗೆ, ಅಂಗವಿಕಲರಿಗೆ ಎಂಥ ಚಟುವಟಿಕೆ ಬೇಕು? ಪ್ರವಾಸಿಗರು ಬಂದರೆ ಊರಿನವರಿಗೆ ಲಾಭವೇನು, ನಷ್ಟವೇನು? ಇವೆಲ್ಲ ಈ ಓದಿನ ವಿಷಯಗಳು. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಬಿಡುವು ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ, ಏಕೆ?

ಇದು ಉಂಡಾಡಿಗಳ ಪ್ರಶ್ನೆಯಲ್ಲ. 1948ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಘೋಷಣೆಯ 24ನೇ ವಿಧಿ, ವಿಶ್ರಾಂತಿ ಮತ್ತು ಬಿಡುವು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ. ಪ್ರತಿಯೊಬ್ಬರು ಅಂದರೆ ನಾವೂ ಸೇರಿ.

ಬಿಡುವನ್ನು ಅಳೆಯುವುದು ಹೇಗೆ?

"ನಮಗೆಲ್ಲಿ ಪುರುಸೊತ್ತು ಕನಕ್ಕ" ಎಂಬ ಮಾತು ಸಭೆಯಲ್ಲಿ ಎಷ್ಟು ಸಲ ಬರುವುದಿಲ್ಲ! ಹುಳ ನಾಲ್ಕನೇ ಜ್ವರ ಎದ್ದರೆ ಸೊಪ್ಪು ಹಾಕುವವಳಿಗೆ ಹಗಲಿಲ್ಲ, ರಾತ್ರಿಯಿಲ್ಲ. ಆದರೂ "ನಿನ್ನ ಕೆಲಸ ಏನು?" ಎಂದು ಯಾರಾದರೂ ಕೇಳಿದರೆ "ಮನೇಲೇ ಇದೀನಿ" ಅಂತೀವಿ.

ಸರ್ಕಾರ ಇದನ್ನು ಲೆಕ್ಕ ಹಾಕಿದೆ. 2019ರಲ್ಲಿ, ಮತ್ತೆ 2024ರಲ್ಲಿ ದೇಶದಾದ್ಯಂತ ಸಮಯ ಬಳಕೆ ಸಮೀಕ್ಷೆ ನಡೆಯಿತು. ಬೆಳಗಿನ ಜಾವ 4 ಗಂಟೆಯಿಂದ ಮರುದಿನ 4 ಗಂಟೆಯವರೆಗೆ ಏನೇನು ಮಾಡಿದಿರಿ ಎಂದು ಅರ್ಧ ಅರ್ಧ ಗಂಟೆಯಾಗಿ ಕೇಳಿ ಬರೆದುಕೊಂಡರು. ಸಂಬಳವಿಲ್ಲದ ಮನೆಗೆಲಸ ಮಾಡಿದವರಲ್ಲಿ, 2024ರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟಿದ್ದರು, ಗಂಡಸರು 88 ನಿಮಿಷ. ಅಂದರೆ ನಮ್ಮದು ಸುಮಾರು ಐದು ಗಂಟೆ, ಅವರದು ಒಂದೂವರೆ ಗಂಟೆ. ಅಳೆದಾಗ ಮಾತ್ರ ಈ ವ್ಯತ್ಯಾಸ ಕಾಣುತ್ತದೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ

ಕೊಳ್ಳೇಗಾಲ ತಾಲ್ಲೂಕಿನಲ್ಲಿ ಭರಚುಕ್ಕಿ ಜಲಪಾತ, ಹನೂರಿನಲ್ಲಿ ಮಲೆ ಮಹದೇಶ್ವರ ಬೆಟ್ಟ, ಯಳಂದೂರಿನಲ್ಲಿ ಬಿಳಿಗಿರಿರಂಗನ ಬೆಟ್ಟ. ರಜೆ ಬಂದರೆ ಹೊರಗಿನಿಂದ ಜನ ಇಲ್ಲಿಗೆ ಬರುತ್ತಾರೆ. ಅವರ ಬಿಡುವು ನಮ್ಮವರ ದುಡಿಮೆ: ಹೂವು ಕಟ್ಟುವುದು, ಅಂಗಡಿ ಇಡುವುದು, ಕಸ ಗುಡಿಸುವುದು. ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಪ್ರವಾಸಿಗೆ ಅದು ನೋಡುವ ಕಾಡು, ಸೋಲಿಗರಿಗೆ ಬದುಕುವ, ಪೂಜಿಸುವ ಕಾಡು. ಪ್ರವಾಸಿಗರ ಹಣದಲ್ಲಿ ಊರಿಗೆ ಉಳಿಯುವುದೆಷ್ಟು, ಉಳಿಯುವುದು ಯಾರ ಕೈಯಲ್ಲಿ, ಬರೀ ಕಸವೇ ಉಳಿಯುತ್ತದೆಯೇ ಎಂದು ಲೆಕ್ಕ ಕೇಳುವವರು ನಮ್ಮಲ್ಲೇ ಬೇಕು. ನಮ್ಮ ಹೆಣ್ಣುಮಕ್ಕಳೇ ಓದಿ ಬಂದು ಕೇಳಿದರೆ ಇನ್ನೂ ಒಳ್ಳೆಯದು.

ಮಗಳು ಓದುತ್ತೇನೆ ಎಂದರೆ

ನಮ್ಮ ಕಡೆ ಈ ಓದು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ.

ಪ್ರವಾಸೋದ್ಯಮ: ಪದವಿ ಮುಗಿಸಿದವರು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ದೂರಶಿಕ್ಷಣದ ಮೂಲಕವೂ ಸ್ನಾತಕೋತ್ತರ ಪದವಿ ಓದಬಹುದು.

ಜಾನಪದ: ಮೈಸೂರು ವಿಶ್ವವಿದ್ಯಾನಿಲಯದಲ್ಲಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾನಿಲಯ ಶುರುವಾಯಿತು. ನಾವು ಹಾಡುವ ಸೋಬಾನೆ, ಮಾದಪ್ಪನ ಕಂಸಾಳೆ, ಅಳಿಗುಳಿಮಣೆ, ಚೌಕಾಬಾರ ಇವೆಲ್ಲ ಈ ಓದಿನೊಳಗೆ ಬರುತ್ತವೆ.

ದೈಹಿಕ ಶಿಕ್ಷಣ: ಮೊದಲು ಬಿ.ಪಿ.ಎಡ್., ಆಮೇಲೆ ಎಂ.ಪಿ.ಎಡ್.

ಓದಿದ ಕೂಡಲೇ ಕೆಲಸ ಸಿಗುತ್ತದೆ ಎಂದು ನಾವು ಆಸೆ ತೋರಿಸುವುದಿಲ್ಲ. ಶುಲ್ಕಕ್ಕಾಗಿ ಸಂಘದಿಂದ ಸಾಲ ತೆಗೆಯುವ ಮುನ್ನ ಆ ಸಂಸ್ಥೆಗೆ ಯುಜಿಸಿ ಮಾನ್ಯತೆ ಇದೆಯೇ, ವಿದ್ಯಾರ್ಥಿವೇತನ ಸಿಗುತ್ತದೆಯೇ, ಹಾಸ್ಟೆಲ್ ಇದೆಯೇ ಎಂದು ವಿಚಾರಿಸಿ. ಆದರೆ "ಇದೂ ಒಂದು ಓದಾ?" ಎಂದು ಮಾತ್ರ ಮಗಳ ಬಾಯಿ ಮುಚ್ಚಿಸಬೇಡಿ.

ಮುಂದಿನ ಸಭೆಗೆ ಒಂದು ಕೆಲಸ

ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ದೊಡ್ಡ ವೃತ್ತ ಬರೆಯಿರಿ. ಅದನ್ನು 24 ಭಾಗ ಮಾಡಿ, ಒಂದೊಂದು ಗಂಟೆಗೆ ಒಂದೊಂದು. ನಿದ್ದೆಗೆ ರಾಗಿ, ಕೂಲಿ ಮತ್ತು ಹೊಲದ ಕೆಲಸಕ್ಕೆ ಹುರುಳಿ, ಮನೆಗೆಲಸಕ್ಕೆ ಅವರೆಕಾಳು, ನಿಮ್ಮದೇ ಬಿಡುವಿಗೆ ಹೂವು ಇಡಿ. ಪಕ್ಕದಲ್ಲಿ ಮನೆಯ ಗಂಡಸರ ದಿನಕ್ಕೂ ಒಂದು ವೃತ್ತ ಮಾಡಿ. ಹೂವು ಯಾವುದರಲ್ಲಿ ಹೆಚ್ಚು? ಓದುವ ಮಗಳ ವೃತ್ತದಲ್ಲಿ ಪುಸ್ತಕಕ್ಕೆ ಜಾಗವಿದೆಯೇ, ಇಲ್ಲ ಅಲ್ಲೂ ಅವರೆಕಾಳೇ ತುಂಬಿದೆಯೇ?

ಕೊನೆಗೆ ಪ್ರತಿಯೊಬ್ಬರೂ ಒಂದು ಅವರೆಕಾಳನ್ನು ಎತ್ತಿ, ಆ ಕೆಲಸವನ್ನು ಮನೆಯಲ್ಲಿ ಯಾರು ಹಂಚಿಕೊಳ್ಳಬಹುದು ಎಂದು ಹೇಳಲಿ. ನೀರು ತರುವುದೋ, ಪಾತ್ರೆ ತೊಳೆಯುವುದೋ, ಯಾವುದಾದರೂ ಸರಿ. ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಮೂರು ತಿಂಗಳ ನಂತರ ಮತ್ತೆ ವೃತ್ತ ಹಾಕಿ ನೋಡಿ. ಉಳಿತಾಯದ ಲೆಕ್ಕವನ್ನು ಪೈಸೆ ತಪ್ಪದಂತೆ ಇಡುವ ನಮಗೆ ಸಮಯದ ಲೆಕ್ಕ ಇಡುವುದು ಕಷ್ಟವೇನಲ್ಲ.