ಪೊವೇಯ ಗಂಟಲು, ಮೈಸೂರಿನ ಗಂಟಲು

ನಾನು ಡಾಕ್ಟರಲ್ಲ. ಗಂಟಲಿಗೆ ಆಪರೇಶನ್ನೋ ರೇಡಿಯೇಶನ್ನೋ ಆದವರಿಗೆ ಮತ್ತೆ ಮಾತಾಡಲು, ನುಂಗಲು ಕಲಿಸುವವಳು. ಓದಿದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ಈಗಿನ ಮನೆ ಸ್ಯಾನ್ ಡಿಯೇಗೋದ ಉತ್ತರಕ್ಕಿರುವ ಪೊವೇಯಲ್ಲಿ.

ಮೈಸೂರಿನಲ್ಲಿ ನನ್ನೆದುರು ಕೂರುತ್ತಿದ್ದವರಲ್ಲಿ ಹೆಚ್ಚಿನವರು ಬೀಡಿ ಸೇದಿ, ಹೊಗೆಸೊಪ್ಪು ಅಗಿದು ಅರುವತ್ತು ಮುಟ್ಟಿದ ಗಂಡಸರು. ಆಸ್ಪತ್ರೆಗೆ ಬರುವಷ್ಟರಲ್ಲಿ ರೋಗ ಬಲಿತಿರುತ್ತಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕತ್ತಿನ ಬುಡದಲ್ಲಿ ತೂತು ಮಾಡಿರುತ್ತಿದ್ದರು. ಇಲ್ಲಿ ಬರುವವರೇ ಬೇರೆ. ಐವತ್ತೈದರ ಇಂಜಿನಿಯರ್, ಸಿಗರೇಟು ಮುಟ್ಟಿದವರಲ್ಲ, ವಾರಾಂತ್ಯಕ್ಕೆ ಸೈಕಲ್ ತುಳಿಯುವವರು. ಶೇವ್ ಮಾಡುವಾಗ ಕತ್ತಿನಲ್ಲಿ ನೋವಿಲ್ಲದ ಗಂಟೊಂದು ಕೈಗೆ ಸಿಕ್ಕಿರುತ್ತದೆ. ಮೂಲ ಹುಡುಕಿದರೆ ಟಾನ್ಸಿಲ್‌ನಲ್ಲೋ ನಾಲಿಗೆಯ ಬುಡದಲ್ಲೋ ಸಣ್ಣ ಗಡ್ಡೆ.

ಕಾರಣ ಎಚ್‌ಪಿವಿ ಎಂಬ ವೈರಸ್. ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತರುವುದೂ ಇದೇ. ಯೌವನದಲ್ಲಿ ಅಂಟಿ, ದಶಕಗಳ ಬಳಿಕ ತಲೆ ಎತ್ತುತ್ತದೆ. ಅಮೆರಿಕದಲ್ಲಿ ಟಾನ್ಸಿಲ್, ನಾಲಿಗೆಯ ಬುಡದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಇದೇ ಮೂಲ. ನಮ್ಮಲ್ಲಿ ಅದರ ಪಾಲು ಬಹಳ ಕಡಿಮೆ, ತಂಬಾಕು ಅಡಿಕೆಗಳದೇ ಕಾರುಬಾರು. ಅಡಿಕೆಯನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಸಾಲಿಗೆ ಸೇರಿಸಿದೆ. ಅಡಿಕೆ ತೋಟದ ಮನೆಗಳಲ್ಲಿ ಇದನ್ನು ಹೇಳಿ ನೋಡಿ, ಕಾಫಿಯೂ ಸಿಗಲಿಕ್ಕಿಲ್ಲ!

ವೈರಸ್‌ನಿಂದ ಬಂದದ್ದು ರೇಡಿಯೇಶನ್‌ಗೆ ಬೇಗ ಮಣಿಯುತ್ತದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮೂರು ವರ್ಷದ ನಂತರ ಬದುಕಿದ್ದವರು ವೈರಸ್‌ನ ಗುಂಪಿನಲ್ಲಿ ನೂರಕ್ಕೆ 82, ಉಳಿದವರಲ್ಲಿ 57. ಎರಡೂ ಗುಂಪಿಗೆ ಚಿಕಿತ್ಸೆ ನೀಡಿದ್ದು ಅದೇ ಆಸ್ಪತ್ರೆಗಳು. ಹಾಗಾಗಿ "ಅಮೆರಿಕದಲ್ಲಾದರೆ ಉಳಿಸಿಬಿಡ್ತಾರೆ" ಎಂದು ಯಾರಾದರೂ ಅಂದರೆ, ಯಾವ ಕ್ಯಾನ್ಸರ್ ಎಂದು ಮೊದಲು ಕೇಳುತ್ತೇನೆ. ಆ ಹೆಚ್ಚುಗಾರಿಕೆಯಲ್ಲಿ ಒಂದಿಷ್ಟು ಪಾಲು ಕಾಯಿಲೆಯದ್ದೇ.

ಉಳಿದ ಪಾಲು ದೂರದ್ದು, ದುಡ್ಡಿನದ್ದು. ರೇಡಿಯೇಶನ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಏಳು ವಾರ, 35 ಸಲ. ಪೊವೇಯವರು ಬೆಳಿಗ್ಗೆ ಕಾರು ಹತ್ತಿ ಲಾ ಹೋಯಾದ ಆಸ್ಪತ್ರೆಗೆ ಹೋಗಿ, ಮುಗಿಸಿ, ಮನೆಗೆ ಬಂದು ಲ್ಯಾಪ್‌ಟಾಪ್ ತೆರೆಯುತ್ತಾರೆ, ಕನಿಷ್ಠ ಮೊದಲ ಕೆಲವು ವಾರ. ರಾಯಚೂರಿನ ಕೂಲಿಯವನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದರೆ ಜೊತೆಗೊಬ್ಬರು ಬೇಕು; ಇಬ್ಬರ ಕೂಲಿ ಎರಡು ತಿಂಗಳು ಹೋಯಿತು. ಆಯುಷ್ಮಾನ್ ಕಾರ್ಡ್ ಚಿಕಿತ್ಸೆಯ ಬಿಲ್ ಕಟ್ಟುತ್ತದೆ, ಮನೆಯ ಸಾಲದ ಕಂತು ಕಟ್ಟುವುದಿಲ್ಲ. ನಾಲ್ಕನೇ ವಾರಕ್ಕೆ ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದಾದಾಗ "ಕರೆಂಟ್ (ರೇಡಿಯೇಶನ್) ಸಾಕು" ಎಂದು ಊರಿನ ಬಸ್ಸು ಹತ್ತುತ್ತಾನೆ. ಮಧ್ಯೆ ಬಿಟ್ಟ ಪ್ರತಿ ದಿನವೂ ಗಡ್ಡೆಗೇ ಲಾಭ.

ಇಲ್ಲಿ ರೇಡಿಯೇಶನ್ ಶುರುವಾಗುವ ಮೊದಲೇ ರೋಗಿಯನ್ನು ನನ್ನ ಬಳಿ ಕಳಿಸುತ್ತಾರೆ. ಎಷ್ಟೇ ನೋವಿದ್ದರೂ ಗುಟುಕು ಗುಟುಕಾಗಿ ನುಂಗುತ್ತಲೇ ಇರಬೇಕು ಎಂದು ಪೀಡಿಸುವುದು ನನ್ನ ಕೆಲಸ, ನುಂಗದೆ ಬಿಟ್ಟ ಸ್ನಾಯು ಬಿಗಿದುಕೊಳ್ಳುತ್ತದೆ. ಮೈಸೂರಿನಲ್ಲಿ ನನ್ನ ಬಳಿ ಬರುತ್ತಿದ್ದದ್ದು ಎಲ್ಲ ಮುಗಿದ ಮೇಲೆ.

ಆದರೆ ಒಂದು ವಿಷಯದಲ್ಲಿ ಬೆಂಗಳೂರು ಮುಂದಿದೆ ಎಂದು ಇಲ್ಲಿನ ಸಹೋದ್ಯೋಗಿಗಳಿಗೆ ಜಂಬದಿಂದ ಹೇಳುತ್ತೇನೆ. ಧ್ವನಿಪೆಟ್ಟಿಗೆ ಕಳೆದುಕೊಂಡವರಿಗೆ ಶ್ವಾಸನಾಳ ಅನ್ನನಾಳಗಳ ನಡುವೆ ಕೂರಿಸುವ ಪುಟ್ಟ ಕವಾಟವಿದೆ. ಬೆರಳಿಂದ ಕತ್ತಿನ ತೂತು ಮುಚ್ಚಿದರೆ ಉಸಿರು ಅದರೊಳಗೆ ಹಾದು ಮಾತಾಗುತ್ತದೆ. ಹೊರದೇಶದ್ದಕ್ಕೆ ಹತ್ತಾರು ಸಾವಿರ ರೂಪಾಯಿ, ಅದನ್ನೂ ಆಗಾಗ ಬದಲಿಸಬೇಕು. ಬೆಂಗಳೂರಿನ ಸರ್ಜನ್ ಡಾ. ವಿಶಾಲ್ ರಾವ್ ಗೆಳೆಯರೊಡನೆ ಸೇರಿ ರೂಪಿಸಿದ 'ಓಂ' ಕವಾಟ ಬಂದಾಗ ಅದರ ಬೆಲೆ ಸುಮಾರು 50 ರೂಪಾಯಿಯಿತ್ತು.

ಎರಡೂ ಕಡೆಗೆ ಸೇರದವರು ಮಕ್ಕಳ ಮನೆಗೆ ಬಂದ ತಂದೆ ತಾಯಂದಿರು. ಮಲೆನಾಡಿನ ಹಿರಿಯರೊಬ್ಬರ ದನಿ ಒಡೆದಿತ್ತು. ಇಲ್ಲಿನ ಸಾಂಟಾ ಆನಾ ಒಣಗಾಳಿಯ ದೆಸೆಯೆಂದು ಮನೆಯವರು ಕಷಾಯ ಕುಡಿಸುತ್ತಿದ್ದರು. ಮೂರು ವಾರ ದಾಟಿದ ಗೊಗ್ಗರು ದನಿಗೆ ಕಷಾಯವಲ್ಲ, ಕ್ಯಾಮೆರಾ ಹಾಕಿ ನೋಡಿಸಬೇಕು. ನೋಡಿಸಿದರು, ಸ್ವರತಂತುವಿನ ಮೇಲೆ ಸಣ್ಣದೊಂದು ಗಡ್ಡೆ. ಪ್ರವಾಸಿ ವಿಮೆ ಅಲ್ಲಿಗೇ ಕೈಯೆತ್ತಿತು. "ಏನ್ಮಾಡೋದಮ್ಮ?" ಎಂದರು. ತಡಮಾಡದೆ ಬೆಂಗಳೂರಿಗೆ ಹೋಗಿ ಅಂದೆ. ಇಷ್ಟು ಬೇಗ ಸಿಕ್ಕ ಸ್ವರತಂತುವಿನ ಕ್ಯಾನ್ಸರ್ ನೂರರಲ್ಲಿ 90ರಷ್ಟು ಮಂದಿಗೆ ವಾಸಿಯಾಗುತ್ತದೆ, ಮತ್ತು ತಂಬಾಕಿನ ಗಂಟಲುಗಳನ್ನು ನಮ್ಮ ಡಾಕ್ಟರುಗಳು ಕಂಡಷ್ಟು ಇಲ್ಲಿಯವರು ಕಂಡಿರಲಾರರು. ಈಗ ಆ ಹಿರಿಯರು ಫೋನಿನಲ್ಲಿ ಮೊಮ್ಮಗನನ್ನು ಗದರುತ್ತಾರಂತೆ.

ಆ ಮೊಮ್ಮಗನಿಗೆ ಹನ್ನೊಂದು ವರ್ಷ. ಮಕ್ಕಳ ಡಾಕ್ಟರು ಎಚ್‌ಪಿವಿ ಲಸಿಕೆ ಬರೆದರು. "ಹುಡುಗನಿಗೆ ಯಾಕ್ರೀ ಅದು?" ಎಂದು ಅವನ ತಾಯಿ ನನಗೆ ಫೋನ್ ಮಾಡಿದರು. ಅಮೆರಿಕದಲ್ಲಿ ಈಗ ವೈರಸ್‌ನಿಂದ ಗಂಟಲು ಕ್ಯಾನ್ಸರ್ ಆಗುವ ಗಂಡಸರ ಸಂಖ್ಯೆ ಗರ್ಭಕಂಠದ ಕ್ಯಾನ್ಸರ್ ಆಗುವ ಹೆಂಗಸರಿಗಿಂತ ಹೆಚ್ಚು ಎಂದೆ. ಇವನು ಬೆಳೆಯುತ್ತಿರುವುದು ಅಜ್ಜನ ಊರಲ್ಲಲ್ಲವಲ್ಲ.