ಮಣ ಎಂದರೆ ಎಷ್ಟು ಕಿಲೋ?

ಸಕಲೇಶಪುರ, ಆಲೂರು ಕಡೆಯ ಹಿರಿಯರ ಮಾತಿನಲ್ಲಿ ಸೇರು, ಮಣ, ಕೊಳಗ, ಖಂಡುಗಗಳು ಇನ್ನೂ ಉಳಿದಿವೆ. ಗದ್ದೆಯ ವಿಸ್ತಾರವನ್ನು ಇಷ್ಟು ಖಂಡುಗದ ಬೀಜವರಿ ಎಂದೇ ಹೇಳುವವರಿದ್ದಾರೆ. ಚಿನ್ನದ ಅಂಗಡಿಯಲ್ಲಿ ತೊಲದ ಮಾತು ಬರುತ್ತದೆ. ಮಾತಿಗೆ ಇವು ಚೆನ್ನ. ಆದರೆ ಬೆಳೆ ಮಾರುವಾಗ ಇವುಗಳನ್ನು ನಂಬಿದರೆ ನಷ್ಟವಾಗಬಹುದು. ಹೆಸರು ಒಂದೇ ಆದರೂ ತೂಕ ಒಂದೇ ಅಲ್ಲ ಎಂಬುದೇ ಇದಕ್ಕೆ ಕಾರಣ.

ಮಣವನ್ನೇ ತೆಗೆದುಕೊಳ್ಳೋಣ. ಹಳೆಯ ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ. ತೊಲಕ್ಕೆ ಸುಮಾರು 11.66 ಗ್ರಾಂ. ಇಂಥ 40 ಸೇರಿನ ಮಣ ಸುಮಾರು 11.2 ಕಿಲೋ. ಮದರಾಸಿನ ಮಣ 25 ಪೌಂಡು, ಅಂದರೆ 11.34 ಕಿಲೋ. 80 ತೊಲದ ಸೇರಿನ ಲೆಕ್ಕದ ಮಣವಾದರೆ 37.32 ಕಿಲೋ! ದೊಡ್ಡ ವ್ಯತ್ಯಾಸ ಯಾರ ಕಣ್ಣಿಗಾದರೂ ಬೀಳುತ್ತದೆ, ಸಣ್ಣದು ಬೀಳುವುದಿಲ್ಲ. ಮೊದಲಿನ ಎರಡು ಮಣಗಳ ನಡುವಿನ ಅಂತರ ಒಂದೂವರೆ ನೂರು ಗ್ರಾಂ ಕೂಡ ಇಲ್ಲ. ಆದರೂ 50 ಮಣ ಮಾರುವಾಗ ಏಳು ಕಿಲೋ ಮಾಲು ಲೆಕ್ಕದಿಂದ ಜಾರಿಹೋಗುತ್ತದೆ.

ಈ ಗೊಂದಲ ಕಳೆಯಲೆಂದೇ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂತು. 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ಪದ್ಧತಿ ಹಂತ ಹಂತವಾಗಿ ಜಾರಿಯಾಯಿತು.

ಚೀನೀಯರು ಇದೇ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡರು. ಅವರ ಸೇರಿಗೆ ಜಿನ್ ಎಂದು ಹೆಸರು. ಹೆಸರನ್ನು ಹಾಗೆಯೇ ಇಟ್ಟುಕೊಂಡು, ತೂಕವನ್ನು ಸರಿಯಾಗಿ 500 ಗ್ರಾಂಗೆ ಕೂಡಿಸಿದರು. ಮೊದಲು ಜಿನ್ನಿಗೆ 16 ಲಿಯಾಂಗ್ ಇತ್ತು; 1959ರಿಂದ 10 ಆಯಿತು. ಇಂದಿಗೂ ಅಲ್ಲಿನ ಸಂತೆಯಲ್ಲಿ ತರಕಾರಿಗೆ ಜಿನ್ ಲೆಕ್ಕದಲ್ಲೇ ಬೆಲೆ. ಆದರೆ ಹಾಂಗ್‌ಕಾಂಗಿನಲ್ಲಿ ಅದೇ ಅಳತೆ ಸುಮಾರು 605 ಗ್ರಾಂ, 16 ಭಾಗ. ಅಲ್ಲಿಂದ ಇಲ್ಲಿಗೆ ಹೋದವನು ಕೇಳಿ ಕೊಳ್ಳದಿದ್ದರೆ ಐದರಲ್ಲಿ ಒಂದು ಪಾಲಿನಷ್ಟು ಲೆಕ್ಕ ತಪ್ಪುತ್ತದೆ. ಇಂಥ ನೂರು ಸೇರಿನ ಅಳತೆಯೇ ಪಿಕಲ್. ಆಳೊಬ್ಬ ಹೆಗಲ ಮೇಲೆ ಹೊರುವ ಹೊರೆ ಎಂದು ಅದರ ಮೂಲ ಅರ್ಥ. ಡಚ್ಚರ ಆಳ್ವಿಕೆಯ ಜಾವಾ ದ್ವೀಪದಲ್ಲಿ ಕಾಫಿಯನ್ನು ಅಳೆಯುತ್ತಿದ್ದುದೂ ಪಿಕಲ್ ಲೆಕ್ಕದಲ್ಲೇ.

ನಮ್ಮ ಕಾಫಿಯೂ ಹಿಂದೆ 112 ಪೌಂಡಿನ ಹಂಡ್ರೆಡ್‌ವೇಟ್ ಲೆಕ್ಕದಲ್ಲಿತ್ತು, ಅದು 50.8 ಕಿಲೋ. ಈಗ ನಮ್ಮ ಧಾರಣೆ 50 ಕಿಲೋ ಚೀಲಕ್ಕೆ. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಅಂಕಿಅಂಶಗಳಲ್ಲಿ ಚೀಲವೆಂದರೆ 60 ಕಿಲೋ. ನ್ಯೂಯಾರ್ಕಿನ ಅರೇಬಿಕಾ ದರ ಪೌಂಡಿಗೆ ಇಷ್ಟು ಸೆಂಟ್ ಎಂದು ಬರುತ್ತದೆ. ಲಂಡನ್ನಿನ ರೊಬಸ್ಟಾ ದರ ಟನ್ನಿಗೆ ಇಷ್ಟು ಡಾಲರ್ ಎಂದು. ಪೌಂಡಿಗೆ 100 ಸೆಂಟ್ ಇದ್ದರೆ 50 ಕಿಲೋಗೆ ಸುಮಾರು 110 ಡಾಲರ್. ಟನ್ನಿನ ದರವನ್ನು 20ರಿಂದ ಭಾಗಿಸಿದರೆ 50 ಕಿಲೋ ದರ ಸಿಗುತ್ತದೆ. ಇವೆರಡೂ ಸಂಸ್ಕರಿಸಿದ ಬೀಜದ ದರಗಳು. ಚೆರಿ ಮಾರುವವರು ತಮ್ಮ 50 ಕಿಲೋದಲ್ಲಿ ಎಷ್ಟು ಬೀಜ ಬರುತ್ತದೆಂಬ ಔಟ್‌ಟರ್ನ್ ಹಿಡಿದು ಲೆಕ್ಕ ಹಾಕಬೇಕು.

ಸದಸ್ಯ ಬಾಂಧವರು ಇಷ್ಟನ್ನು ಗಮನದಲ್ಲಿಡುವುದು ಒಳ್ಳೆಯದು. ಕಾಫಿಯಾಗಲಿ, ಅಡಿಕೆಯಾಗಲಿ, ಮೆಣಸಾಗಲಿ, ವ್ಯಾಪಾರ ಕಿಲೋ ಅಥವಾ ಕ್ವಿಂಟಾಲಿನಲ್ಲೇ ಕುದುರಲಿ. ಚೀಟಿಯಲ್ಲೂ ಹಾಗೆಯೇ ಬರೆಸಿಕೊಳ್ಳಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯೂ ಇದನ್ನೇ ಹೇಳುತ್ತದೆ. ಗೋಣಿಚೀಲಕ್ಕೆಂದು ಎಷ್ಟು ತೂಕ ಕಳೆದರೆಂದು ಕೇಳಿ. ತಕ್ಕಡಿಯ ಮೇಲೆ ಇಲಾಖೆಯ ಮುದ್ರೆ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂದು ನೋಡಿ. ಯಾರಾದರೂ ಮಣದ ಮೇಲೆ ಬೆಲೆ ಹೇಳಿದರೆ, ಬೆಲೆಯ ಮಾತಿಗೆ ಮೊದಲು ಮಣಕ್ಕೆ ಎಷ್ಟು ಕಿಲೋ ಎಂದು ಕೇಳಿ. ಹೀಗೆ ಕೇಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ವರ್ಷವಿಡೀ ದುಡಿದು ಬೆಳೆದ ಮಾಲು ನಮ್ಮದು.